ನಿರುಪದ್ರವ ಸಂಚಾರ: ಕಡಲ ವಾಡಿಕೆಯೊಂದು ಕಾನೂನಾದ ಬಗೆ

ಕರಾವಳಿಗೆ ಹೊಂದಿಕೊಂಡಿರುವ 12 ನಾಟಿಕಲ್ ಮೈಲಿಗಳವರೆಗಿನ, ಅಂದರೆ ಸುಮಾರು 22 ಕಿಲೋಮೀಟರ್ ಅಗಲದ ಕಡಲು, ಆಯಾ ರಾಷ್ಟ್ರದ ನೆಲದಂತೆಯೇ ಅದರ ಸಾರ್ವಭೌಮತ್ವಕ್ಕೆ ಒಳಪಟ್ಟಿರುತ್ತದೆ. ಆದರೆ ನೆಲಕ್ಕಿಲ್ಲದ ಒಂದು ಕಟ್ಟುಪಾಡು ಈ ನೀರಿಗಿದೆ. ಪರದೇಶದ ಹಡಗು ಈ ನೀರನ್ನು ಹಾಯ್ದು ಮುಂದಕ್ಕೆ ಹೋಗಬಹುದು. ಹಾಗೆ ಹಾದುಹೋದ ಮಾತ್ರಕ್ಕೆ ಅದು ಸುಂಕ ತೆರಬೇಕಾಗಿಲ್ಲ. ಕರಾವಳಿ ರಾಷ್ಟ್ರದ ಶಾಂತಿಗೆ, ಸುವ್ಯವಸ್ಥೆಗೆ, ಭದ್ರತೆಗೆ ಅದರಿಂದ ಕೇಡಾಗಬಾರದು ಎಂಬುದು ಮುಖ್ಯ ನಿಬಂಧನೆ. ಅಂತಾರಾಷ್ಟ್ರೀಯ ಕಡಲ ಕಾನೂನು ಇದನ್ನು ‘ಇನ್ನೊಸೆಂಟ್ ಪ್ಯಾಸೇಜ್’ ಎಂದು ಕರೆಯುತ್ತದೆ.

ಕನ್ನಡದಲ್ಲಿ ಇದಕ್ಕೆ ‘ನಿರ್ದೋಷ ಸಂಚಾರ’ ಎಂಬ ಪರ್ಯಾಯ ಸುಲಭವಾಗಿ ಹೊಳೆಯುತ್ತದೆ. ಆದರೆ ಅದು ದಾರಿ ತಪ್ಪಿಸುವ ಪರ್ಯಾಯ. ದೋಷವೆಂಬುದು ವ್ಯಕ್ತಿಗೆ ಅಂಟಿಕೊಂಡ ಗುಣ. ಹಡಗಿನ ಕುಲ, ಅದರ ಹಿಂದಿನ ನಡತೆ, ಅದರ ಒಡೆಯನ ಮನಸ್ಸು ಎಲ್ಲವೂ ಆ ಪದದೊಳಗೆ ಬಂದುಬಿಡುತ್ತವೆ. ಇಂಗ್ಲಿಷ್ ಪದದ ಮೂಲ ಲ್ಯಾಟಿನ್ನಿನ ‘ನೋಸೆರೆ’, ಅಂದರೆ ಕೇಡು ಮಾಡು, ಎಂಬ ಕ್ರಿಯಾಪದ. ಕೇಡು ಮಾಡದಿರುವುದೇ ಅದರ ಮೂಲಾರ್ಥ. ಆದ್ದರಿಂದ ‘ನಿರುಪದ್ರವ ಸಂಚಾರ’ ಎಂಬುದೇ ಹೆಚ್ಚು ಸಮರ್ಪಕವೆನ್ನಬೇಕು. ಇದು ಬರಿಯ ಪದಚರ್ಚೆಯಲ್ಲ. ಹಡಗು ಯಾವುದು ಎಂಬುದನ್ನು ನೋಡಬೇಕೋ, ಅದು ಹೇಗೆ ಹೋಗುತ್ತಿದೆ ಎಂಬುದನ್ನು ನೋಡಬೇಕೋ ಎಂಬ ಪ್ರಶ್ನೆಯ ಮೇಲೆಯೇ ಈ ಹಕ್ಕಿನ ಇತಿಹಾಸವೆಲ್ಲ ನಿಂತಿದೆ. ಆ ಪ್ರಶ್ನೆಗೆ ಜೀವಗಳು ಬಲಿಯಾದದ್ದೂ ಉಂಟು.

ರಾಷ್ಟ್ರ ರಾಷ್ಟ್ರಗಳ ನಡುವಣ ಕಾನೂನಿಗೂ ಜಾನಪದ ಅಧ್ಯಯನಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿರುವುದು ‘ವಾಡಿಕೆ’ ಎಂಬ ಪರಿಕಲ್ಪನೆಯಲ್ಲಿ. ಹೇಗ್ ನಗರದಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೆಯ ವಿಧಿಯು ಒಪ್ಪಂದಗಳ ಜೊತೆಗೆ ವಾಡಿಕೆಯನ್ನೂ ಕಾನೂನಿನ ಮೂಲವೆಂದು ಅಂಗೀಕರಿಸಿದೆ. ಆದರೆ ಬಹುಜನರು ಬಹುಕಾಲ ಮಾಡಿಕೊಂಡು ಬಂದದ್ದೆಲ್ಲವೂ ಕಾನೂನಲ್ಲ. ಹಾಗೆ ಮಾಡುವುದು ತಮ್ಮ ಕರ್ತವ್ಯವೆಂಬ ಭಾವನೆಯೂ ಅದರೊಡನೆ ಇರಬೇಕು. ಜಾನಪದ ವಿದ್ವಾಂಸರಿಗೆ ಈ ವ್ಯತ್ಯಾಸ ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ಒಬ್ಬನ ಹೊಲದ ಬದುವಿನ ಮೇಲೆ ಇನ್ನೊಬ್ಬನ ಎತ್ತಿನ ಗಾಡಿ ಹಾಯುವುದು ಅಭ್ಯಾಸವೂ ಆಗಿರಬಹುದು, ಕಟ್ಟಳೆಯೂ ಆಗಿರಬಹುದು. ಹೊಲದ ಒಡೆಯನು ಬೇಲಿ ಹಾಕಿದ ದಿನವಷ್ಟೇ ಅದು ಯಾವುದೆಂಬುದು ಗೊತ್ತಾಗುತ್ತದೆ. ಊರಿನ ಹಿರಿಯರು ಕೂಡಿ ಬೇಲಿ ತೆಗೆಸಿದರೆ ಅದು ಕಟ್ಟಳೆ. ಕಡಲಿನಲ್ಲಿಯೂ ಹೀಗೆಯೇ ಆಯಿತು. ಬೇಲಿ ಹಾಕಿದ ಸಂದರ್ಭ 1946ರಲ್ಲಿ ಬಂದಿತು. ಹಿರಿಯರು ಕೂಡಿದ್ದು 1949ರಲ್ಲಿ.

ಆ ಪ್ರಸಂಗಕ್ಕೆ ಬರುವ ಮುನ್ನ ಒಂದು ಭ್ರಮೆಯನ್ನು ದೂರಮಾಡಿಕೊಳ್ಳುವುದು ಒಳಿತು. ಕಡಲು ಅನಾದಿಯಿಂದ ಎಲ್ಲರಿಗೂ ತೆರೆದಿತ್ತು, ಹಾದುಹೋಗುವವನನ್ನು ಯಾರೂ ತಡೆಯುತ್ತಿರಲಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕರ್ನಾಟಕದ ಕರಾವಳಿಯ ಒಂದು ದಾಖಲೆಯೇ ಇದಕ್ಕೆ ವಿರುದ್ಧವಾಗಿದೆ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾದೇಶಕ್ಕೆ ಹೊರಟ ಇಬ್ನ್ ಬತೂತನು 1342ರ ಸುಮಾರಿಗೆ ಈ ತೀರದಗುಂಟ ಪಯಣಿಸಿದನು. ಅವನು ‘ಫಾಕನೂರ್’ ಎಂದು ಬರೆದಿರುವ ಊರು ಇಂದಿನ ಉಡುಪಿ ಜಿಲ್ಲೆಯ ಬಾರಕೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿಯ ಅರಸನಿಗೆ ಸುಮಾರು 30 ಯುದ್ಧನೌಕೆಗಳಿದ್ದವೆಂದೂ, ಊರಿನ ಎದುರು ಹಾಯುವ ಪ್ರತಿಯೊಂದು ಹಡಗೂ ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಒಪ್ಪಿಸಬೇಕಾಗಿತ್ತೆಂದೂ ಅವನು ತಿಳಿಸುತ್ತಾನೆ. ಇದನ್ನು ‘ಬಂದರಿನ ಹಕ್ಕು’ ಎನ್ನುತ್ತಿದ್ದರು. ತಪ್ಪಿಸಿಕೊಂಡು ಹೋದ ಹಡಗನ್ನು ಬೆನ್ನಟ್ಟಿ, ಬಲವಂತದಿಂದ ಬಂದರಿಗೆ ಎಳೆತಂದು, ಇಮ್ಮಡಿ ಸುಂಕ ವಸೂಲು ಮಾಡಿ, ಇಷ್ಟಬಂದಷ್ಟು ಕಾಲ ತಡೆದಿಡುತ್ತಿದ್ದರು.

ಈ ವರ್ಣನೆಯನ್ನು ಓದಿ ಬಾರಕೂರಿನ ಅರಸನನ್ನು ಕಡಲ್ಗಳ್ಳನೆಂದು ತಳ್ಳಿಹಾಕುವುದು ಸುಲಭ; ಆದರೆ ಅದು ಸರಿಯಾದ ಓದಲ್ಲ. ಅದೇ ಅರಸನು ಇಬ್ನ್ ಬತೂತನ ಹಡಗು ಲಂಗರು ಹಾಕಿದೊಡನೆ ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿ, ಅತಿಥಿಗಳನ್ನು ಮೂರು ರಾತ್ರಿ ಸತ್ಕರಿಸಿದನು. ಅಲ್ಲಿ ವಾಡಿಕೆಯಿತ್ತು, ಅದರ ತಿರುಳು ಮಾತ್ರ ಬೇರೆಯಾಗಿತ್ತು. ನಿಂತು, ಮುಖ ತೋರಿಸಿ, ಕಾಣಿಕೆ ಕೊಟ್ಟವನು ಅತಿಥಿ. ಸುಮ್ಮನೆ ಹಾದುಹೋದವನೇ ಅನುಮಾನಾಸ್ಪದ. ಇಂದಿನ ಕಾನೂನು ಇದನ್ನು ತಲೆಕೆಳಗು ಮಾಡಿದೆ. ಈಗ ನಿಲ್ಲದೆ ಹೋಗುವವನೇ ನಿರುಪದ್ರವಿ. ಕಾರಣವಿಲ್ಲದೆ ನಿಂತವನ ಮೇಲೆ ಅನುಮಾನ. ಡೆನ್ಮಾರ್ಕಿನ ಅರಸರೂ ಬಾಲ್ಟಿಕ್ ಕಡಲಿನ ಬಾಗಿಲಾದ ಎರೆಸುಂಡ್ ಜಲಸಂಧಿಯಲ್ಲಿ ಹಾಯುವ ಹಡಗುಗಳಿಂದ 15ನೆಯ ಶತಮಾನದಿಂದ 1857ರವರೆಗೆ ಸುಂಕ ಎತ್ತುತ್ತಿದ್ದರು ಎಂಬುದನ್ನು ನೆನೆದರೆ, ಬಾರಕೂರಿನ ಕಟ್ಟಳೆ ಪೂರ್ವದೇಶದ ವಿಚಿತ್ರವಾಗಿ ಕಾಣುವುದಿಲ್ಲ.

ಬಾರಕೂರಿಗಿಂತ ನೂರು ವರ್ಷ ಹಿಂದೆಯೇ ಪೂರ್ವ ಕರಾವಳಿಯಲ್ಲಿ ಬೇರೊಂದು ದನಿ ಕೇಳಿಸಿತ್ತು. ಕಾಕತೀಯ ಗಣಪತಿದೇವನು 1244-45ರಲ್ಲಿ ಮೋಟುಪಲ್ಲಿ ಬಂದರಿನಲ್ಲಿ ಹಾಕಿಸಿದ ಅಭಯಶಾಸನವು, ಬಿರುಗಾಳಿಗೆ ಸಿಕ್ಕಿ ದಡ ಸೇರಿದ ಹಡಗುಗಳ ಸರಕನ್ನು ಹಿಂದಿನ ಅರಸರು ಕಸಿದುಕೊಳ್ಳುತ್ತಿದ್ದುದನ್ನು ನೆನಪಿಸಿ, ತಾನು ಗೊತ್ತಾದ ಸುಂಕವನ್ನುಳಿದು ಬೇರೇನನ್ನೂ ಮುಟ್ಟುವುದಿಲ್ಲವೆಂದು ವರ್ತಕರಿಗೆ ಭರವಸೆ ನೀಡುತ್ತದೆ. ಆದರೆ ಅಭಯವೆಂಬುದು ಅರಸನು ಕೊಡುವಂಥದು, ಕೊಟ್ಟವನು ಹಿಂತೆಗೆದುಕೊಳ್ಳಲೂಬಹುದು. ಹಕ್ಕು ಎಂಬ ಭಾಷೆ ಇನ್ನೂ ಹುಟ್ಟಿರಲಿಲ್ಲ.

ಆ ಭಾಷೆ ಹುಟ್ಟಿಕೊಂಡುದರಲ್ಲಿ ನಮ್ಮ ಕಡಲಿನ ಪಾಲೂ ಇದೆ. 16ನೆಯ ಶತಮಾನದ ಆರಂಭದಿಂದ ಪೋರ್ಚುಗೀಸರು ಅರಬ್ಬೀ ಸಮುದ್ರದಲ್ಲಿ ‘ಕರ್ತಾಜ್’ ಎಂಬ ಪರವಾನಗಿ ಪತ್ರವನ್ನು ಜಾರಿಗೆ ತಂದರು. ಅದನ್ನು ಪಡೆಯದ ಹಡಗು, ಅದು ಯಾವ ಬಂದರಿನದೇ ಆಗಿರಲಿ, ಸೆರೆಗೆ ಅರ್ಹ. ಭಟ್ಕಳ, ಹೊನ್ನಾವರ, ಬಸ್ರೂರುಗಳಿಂದ ಅಕ್ಕಿ, ಮೆಣಸು ಹೇರಿಕೊಂಡು ಹೊರಡುತ್ತಿದ್ದ ಹಡಗುಗಳೂ ಈ ಜಾಲಕ್ಕೆ ಸಿಕ್ಕವು. ಬಾರಕೂರಿನ ಅರಸನು ತನ್ನ ಊರಿನ ಎದುರಿನ ನೀರಿನಲ್ಲಿ ಕೇಳುತ್ತಿದ್ದುದನ್ನು ಪೋರ್ಚುಗೀಸರು ಇಡೀ ಸಮುದ್ರದಲ್ಲಿ ಕೇಳಿದರೆಂಬುದೇ ಇಲ್ಲಿಯ ವ್ಯತ್ಯಾಸ. ಪೂರ್ವದೇಶಗಳ ಕಡಲಿನ ಮೇಲೆ ಅವರಿಗೆ ಯಾವ ಒಡೆತನವೂ ಇಲ್ಲವೆಂದು ಡಚ್ ನ್ಯಾಯಶಾಸ್ತ್ರಜ್ಞ ಹ್ಯೂಗೋ ಗ್ರೋಷಿಯಸ್ 1609ರಲ್ಲಿ ‘ಮಾರೆ ಲಿಬೆರುಮ್’ ಎಂಬ ಕಿರುಹೊತ್ತಗೆಯಲ್ಲಿ ವಾದಿಸಿದನು. ಡಚ್ಚರ ವ್ಯಾಪಾರಹಿತವೇ ಆ ವಾದದ ಬೆನ್ನಿಗಿತ್ತೆಂಬುದನ್ನು ಮರೆಯಬೇಕಾಗಿಲ್ಲ. 1625ರ ತನ್ನ ದೊಡ್ಡ ಗ್ರಂಥದಲ್ಲಿ ಅವನು, ನ್ಯಾಯವಾದ ಕಾರಣಕ್ಕಾಗಿ ಕೇಡುಮಾಡದೆ ಹಾಯುವವನಿಗೆ ನೆಲದಲ್ಲಾಗಲಿ ನೀರಿನಲ್ಲಾಗಲಿ ದಾರಿ ಬಿಡಬೇಕೆಂದು ಪ್ರತಿಪಾದಿಸಿದನು. ನೆಲದ ಮೇಲಣ ಹಕ್ಕು ಮುಂದೆ ಕುಗ್ಗಿತು, ಗಡಿಗಳು ಬಿಗಿಯಾದವು. ನೀರಿನ ಮೇಲಣ ಹಕ್ಕು ಮಾತ್ರ ಬೆಳೆಯಿತು.

18ನೆಯ ಶತಮಾನದಲ್ಲಿ ದಡದ ಫಿರಂಗಿಯ ಗುಂಡು ಹೋಗುವಷ್ಟು ದೂರದವರೆಗಿನ ಕಡಲು ದಡದವನದು ಎಂಬ ತತ್ತ್ವ ರೂಢಿಗೆ ಬಂದಿತು. ಕ್ರಮೇಣ ಅದು ಮೂರು ಮೈಲಿ ಎಂದು ಸ್ಥಿರಗೊಂಡಿತು. ಒಡೆತನ ಗಟ್ಟಿಯಾದಂತೆಲ್ಲ ಹಾಯುವವನ ಹಕ್ಕನ್ನು ಬೇರೆಯಾಗಿ ಹೇಳಬೇಕಾಯಿತು. 1930ರ ಹೇಗ್ ಸಮ್ಮೇಳನದಲ್ಲಿ ಕಡಲ ಅಗಲದ ಬಗೆಗೆ ಒಮ್ಮತ ಮೂಡಲಿಲ್ಲ. ಯುದ್ಧನೌಕೆಗಳಿಗೂ ಈ ಹಕ್ಕು ಉಂಟೇ ಎಂಬುದೂ ತೂಗಾಡುತ್ತಲೇ ಉಳಿಯಿತು.

ಗ್ರೀಸಿನ ಕೋರ್ಫು ದ್ವೀಪಕ್ಕೂ ಅಲ್ಬೇನಿಯಾದ ಕರಾವಳಿಗೂ ನಡುವೆ ಕೆಲವೇ ಕಿಲೋಮೀಟರ್ ಅಗಲದ ಇಕ್ಕಟ್ಟಾದ ಜಲಸಂಧಿಯೊಂದಿದೆ. 1946ರ ಮೇ 15ರಂದು ಅಲ್ಲಿ ಹಾಯುತ್ತಿದ್ದ ಬ್ರಿಟನ್ನಿನ ‘ಓರಿಯನ್’ ಮತ್ತು ‘ಸೂಪರ್ಬ್’ ಎಂಬ ಎರಡು ಯುದ್ಧನೌಕೆಗಳ ಮೇಲೆ ಅಲ್ಬೇನಿಯಾದ ದಡದಿಂದ ಫಿರಂಗಿಗಳು ಹಾರಿದವು. ಗುಂಡು ತಗುಲಲಿಲ್ಲ. ಬ್ರಿಟನ್ ಪ್ರತಿಭಟಿಸಿತು, ಮುಂಚಿತವಾಗಿ ತಿಳಿಸಿ ಅನುಮತಿ ಪಡೆಯದೆ ಪರದೇಶದ ಯಾವ ಹಡಗೂ ತನ್ನ ನೀರಿನಲ್ಲಿ ಹಾಯಕೂಡದೆಂದು ಅಲ್ಬೇನಿಯಾ ಉತ್ತರಿಸಿತು. ಅದೇ ವರ್ಷ ಅಕ್ಟೋಬರ್ 22ರಂದು ಬ್ರಿಟನ್ ನಾಲ್ಕು ನೌಕೆಗಳನ್ನು ಅದೇ ದಾರಿಯಲ್ಲಿ ಕಳುಹಿಸಿತು. ಸರಾಂಡ ಕೊಲ್ಲಿಯ ಬಳಿ ‘ಸೊಮಾರೆಜ್’ ಎಂಬ ನೌಕೆ ನೀರೊಳಗಿನ ಸಿಡಿಗುಂಡಿಗೆ ಬಡಿಯಿತು. ಅದನ್ನು ಎಳೆದೊಯ್ಯಲು ಬಂದ ‘ವೊಲಾಜ್’ ಇನ್ನೊಂದಕ್ಕೆ ಬಡಿಯಿತು. ನಲವತ್ತಕ್ಕೂ ಹೆಚ್ಚು ನಾವಿಕರು ಸತ್ತರು. ಅಷ್ಟೇ ಸಂಖ್ಯೆಯ ಜನ ಗಾಯಗೊಂಡರು. ಆ ದಾರಿಯನ್ನು 1944ರಲ್ಲಿ ಸಿಡಿಗುಂಡುಗಳಿಂದ ಶುಚಿಗೊಳಿಸಿ, 1945ರಲ್ಲಿ ಮತ್ತೆ ಪರೀಕ್ಷಿಸಲಾಗಿತ್ತು. ಅದು ಸುರಕ್ಷಿತವೆಂದೇ ನಂಬಿಕೆಯಿತ್ತು.

ನವೆಂಬರ್ 12 ಮತ್ತು 13ರಂದು ಬ್ರಿಟನ್ನಿನ ನೌಕಾಪಡೆ ಅಲ್ಬೇನಿಯಾದ ವಿರೋಧವನ್ನು ಲೆಕ್ಕಿಸದೆ ಅದೇ ನೀರಿಗೆ ನುಗ್ಗಿ 22 ಸಿಡಿಗುಂಡುಗಳನ್ನು ಕತ್ತರಿಸಿ ತೆಗೆಯಿತು. ವ್ಯಾಜ್ಯ ಭದ್ರತಾ ಮಂಡಳಿಗೆ ಹೋಗಿ, ಅಲ್ಲಿಂದ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಬಂದಿತು. ಆ ನ್ಯಾಯಾಲಯದ ಮುಂದೆ ಬಂದ ಮೊತ್ತಮೊದಲ ವ್ಯಾಜ್ಯ ಇದೇ. 1949ರ ಏಪ್ರಿಲ್ 9ರಂದು ಹೊರಬಿದ್ದ ತೀರ್ಪಿನಲ್ಲಿ ಮೂರು ಸಂಗತಿಗಳು ಬೇರೆ ಬೇರೆಯಾಗಿ ನಿರ್ಣಯಗೊಂಡವು.

ಮೊದಲನೆಯದು ಜಲಸಂಧಿಯ ಸ್ವರೂಪ. ಇದು ಅನಿವಾರ್ಯವಾದ ದಾರಿಯಲ್ಲ, ಬಳಸುದಾರಿಯಷ್ಟೇ ಎಂದು ಅಲ್ಬೇನಿಯಾ ವಾದಿಸಿತ್ತು. 1936ರ ಏಪ್ರಿಲ್‌ನಿಂದ 1937ರ ಡಿಸೆಂಬರ್‌ವರೆಗಿನ 21 ತಿಂಗಳುಗಳಲ್ಲಿ ಈ ಜಲಸಂಧಿಯನ್ನು ಹಾಯ್ದು ಕೋರ್ಫು ಬಂದರನ್ನು ಮುಟ್ಟಿದ ಹಡಗುಗಳ ಸಂಖ್ಯೆ 2,884 ಎಂಬ ಲೆಕ್ಕ ನ್ಯಾಯಾಲಯದ ಮುಂದಿತ್ತು. ಬೇರೆ ದಾರಿ ಇದೆಯೇ ಎಂಬುದಲ್ಲ, ಜನ ಈ ದಾರಿಯನ್ನು ಬಳಸುತ್ತ ಬಂದಿದ್ದಾರೆಯೇ ಎಂಬುದು ಮುಖ್ಯವೆಂದು ನ್ಯಾಯಾಲಯ ಹೇಳಿತು. ಇಂಥ ಜಲಸಂಧಿಯಲ್ಲಿ ಶಾಂತಿಕಾಲದಲ್ಲಿ ಯುದ್ಧನೌಕೆಗಳೂ ಅನುಮತಿ ಕೇಳದೆ ನಿರುಪದ್ರವವಾಗಿ ಹಾಯಬಹುದು; ಕರಾವಳಿ ರಾಷ್ಟ್ರ ನಿಯಮಗಳನ್ನು ವಿಧಿಸಬಹುದೇ ಹೊರತು ತಡೆಯಲಾಗದು. ಹೊಲದ ದಾರಿಯ ವ್ಯಾಜ್ಯದಲ್ಲಿ ಊರ ಹಿರಿಯರು ಕೇಳುವ ಪ್ರಶ್ನೆಯೂ ಇದೇ: ಎಷ್ಟು ಕಾಲದಿಂದ, ಎಷ್ಟು ಗಾಡಿ ಇಲ್ಲಿ ಹಾಯ್ದಿವೆ?

ಎರಡನೆಯದು, ಮತ್ತು ಹೆಚ್ಚು ತೊಡಕಿನದು, ಅಕ್ಟೋಬರ್ 22ರ ಸಂಚಾರದ ಬಗೆ. ಅಲ್ಬೇನಿಯಾದ ವರ್ತನೆ ಹೇಗಿರುವುದೆಂದು ಪರೀಕ್ಷಿಸುವುದೂ ಬ್ರಿಟನ್ನಿನ ಉದ್ದೇಶವಾಗಿತ್ತು. ಅದನ್ನು ನ್ಯಾಯಾಲಯ ಮುಚ್ಚಿಡಲಿಲ್ಲ. ನಾವಿಕರು ಯುದ್ಧಸನ್ನದ್ಧ ಸ್ಥಾನಗಳಲ್ಲಿದ್ದರು. ಹಾಗಿದ್ದರೆ ಇದು ನಿರುಪದ್ರವವೇ? ನ್ಯಾಯಾಲಯವು ಫಿರಂಗಿಗಳ ದಿಕ್ಕನ್ನು ನೋಡಿತು. ಅವು ದಡದ ಕಡೆಗೆ ತಿರುಗಿರಲಿಲ್ಲ. ಶಾಂತಿಕಾಲದ ರೂಢಿಯಂತೆ ಹಡಗಿನ ಉದ್ದಕ್ಕೆ ಹಿಂದುಮುಂದಾಗಿ ನೆಟ್ಟಗಿದ್ದವು. ಮೇ ತಿಂಗಳಲ್ಲಿ ಗುಂಡು ಹಾರಿದ್ದರಿಂದ ನಾವಿಕರು ಎಚ್ಚರವಾಗಿದ್ದುದು ಸಹಜವೆಂದು ಅದು ತಿಳಿಯಿತು. ಹಡಗುಗಳಿಗೆ ಕೊಟ್ಟಿದ್ದ ಗುಪ್ತ ಆದೇಶಪತ್ರಗಳನ್ನು ಬ್ರಿಟನ್ ನೌಕಾ ರಹಸ್ಯದ ಹೆಸರಿನಲ್ಲಿ ಒಪ್ಪಿಸಲಿಲ್ಲ. ನ್ಯಾಯಾಲಯ ಅದರಿಂದ ಯಾವ ಪ್ರತಿಕೂಲ ತೀರ್ಮಾನಕ್ಕೂ ಬರಲಿಲ್ಲ. ಅಂದರೆ ಮನಸ್ಸಿನೊಳಗೆ ಏನಿತ್ತೆಂಬುದಕ್ಕಿಂತ ಹೊರಗೆ ಕಂಡ ನಡೆಯೇ ಪ್ರಮಾಣವಾಯಿತು. ಅಂದಿನ ಸಂಚಾರ ಅಲ್ಬೇನಿಯಾದ ಸಾರ್ವಭೌಮತ್ವದ ಉಲ್ಲಂಘನೆಯಲ್ಲವೆಂದು 14 ನ್ಯಾಯಾಧೀಶರು ತೀರ್ಮಾನಿಸಿದರು, ಇಬ್ಬರು ಒಪ್ಪಲಿಲ್ಲ. ನಾಲ್ಕು ಯುದ್ಧನೌಕೆಗಳು ಸಾಲುಗಟ್ಟಿ ಬರುವುದನ್ನು ದಡದ ಕಾವಲುಗಾರನೊಬ್ಬ ನೋಡಿದಾಗ ಅವನ ಕಣ್ಣಿಗೆ ಫಿರಂಗಿಯ ದಿಕ್ಕಷ್ಟೇ ಕಾಣುತ್ತದೆಯೇ ಎಂಬ ಸಂದೇಹ ಉಳಿದೇ ಉಳಿಯುತ್ತದೆ. ಸಣ್ಣ ರಾಷ್ಟ್ರದ ಅಂಜಿಕೆಗೆ ಈ ತೀರ್ಪಿನಲ್ಲಿ ಸಿಕ್ಕ ತೂಕ ಕಡಿಮೆಯೆನ್ನದೆ ಗತಿಯಿಲ್ಲ.

ಹಾಗೆಂದು ಬಲಿಷ್ಠನ ಪರವಾದ ತೀರ್ಪೆಂದು ಇದನ್ನು ಜರೆಯುವಂತೆಯೂ ಇಲ್ಲ. ಮೂರನೆಯದಾಗಿ, ನವೆಂಬರ್ ತಿಂಗಳ ನುಗ್ಗುವಿಕೆ ಅಲ್ಬೇನಿಯಾದ ಸಾರ್ವಭೌಮತ್ವದ ಉಲ್ಲಂಘನೆಯೇ ಸರಿಯೆಂದು ನ್ಯಾಯಾಧೀಶರೆಲ್ಲರೂ ಒಮ್ಮತದಿಂದ ಹೇಳಿದರು. ಸಾಕ್ಷ್ಯ ಸಂಗ್ರಹಿಸುವುದಕ್ಕಾಗಿ ಬಂದೆವೆಂಬ ವಾದ ನಿಲ್ಲಲಿಲ್ಲ. ಹಾಯುವುದು ಬೇರೆ, ಒಳಹೊಕ್ಕು ಕೆಲಸ ಮಾಡುವುದು ಬೇರೆ.

ಸಾವಿನ ಹೊಣೆ ಯಾರದು? ಸಿಡಿಗುಂಡುಗಳನ್ನು ಇಟ್ಟವರು ಯಾರೆಂಬುದನ್ನು ನ್ಯಾಯಾಲಯ ನಿರ್ಧರಿಸಲಿಲ್ಲ. ಆದರೆ ಆ ದಡದಲ್ಲಿ ಅಷ್ಟು ಬಿಗಿಯಾದ ಕಾವಲಿರುವಾಗ ಅಲ್ಬೇನಿಯಾಕ್ಕೆ ತಿಳಿಯದಂತೆ ಅವನ್ನು ಇಡುವುದು ಸಾಧ್ಯವಿರಲಿಲ್ಲ. ತಿಳಿದಿದ್ದೂ ಅದು ಎಚ್ಚರಿಸಲಿಲ್ಲ. ಮಾನವೀಯತೆಯ ಮೂಲಭೂತ ಪರಿಗಣನೆಗಳೇ ಈ ಎಚ್ಚರಿಕೆಯನ್ನು ಕಡ್ಡಾಯಗೊಳಿಸುತ್ತವೆಂದು ತೀರ್ಪು ಸಾರಿತು. 11 ನ್ಯಾಯಾಧೀಶರು ಅಲ್ಬೇನಿಯಾವನ್ನು ಹೊಣೆಯಾಗಿಸಿದರು, ಐವರು ಭಿನ್ನಮತ ತಾಳಿದರು. ಅದೇ ವರ್ಷ ಡಿಸೆಂಬರ್ 15ರಂದು ಪರಿಹಾರದ ಮೊತ್ತ 8,43,947 ಪೌಂಡುಗಳೆಂದು ಗೊತ್ತಾಯಿತು.

ಈ ತೀರ್ಪಿನ ನೆರಳು ಆ ಬಳಿಕದ ಬರಹರೂಪದ ಕಾನೂನಿನ ಮೇಲೆಲ್ಲ ಬಿದ್ದಿದೆ. ಅಂತಾರಾಷ್ಟ್ರೀಯ ಸಂಚಾರಕ್ಕೆ ಬಳಕೆಯಾಗುವ ಜಲಸಂಧಿಗಳಲ್ಲಿ ನಿರುಪದ್ರವ ಸಂಚಾರವನ್ನು ತಾತ್ಕಾಲಿಕವಾಗಿಯೂ ಅಮಾನತುಗೊಳಿಸಕೂಡದೆಂದು 1958ರ ಜಿನೀವಾ ಒಡಂಬಡಿಕೆ ವಿಧಿಸಿತು. 1982ರಲ್ಲಿ ಅಂಗೀಕೃತವಾಗಿ 1994ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಕಡಲ ಕಾನೂನು ಒಡಂಬಡಿಕೆಯು ಇನ್ನೂ ಮುಂದೆ ಹೋಗಿ, ಯಾವುದು ನಿರುಪದ್ರವವಲ್ಲ ಎಂಬುದನ್ನು 19ನೆಯ ವಿಧಿಯಲ್ಲಿ 12 ಬಾಬುಗಳಾಗಿ ಹೆಸರಿಸಿತು. ಬಲಪ್ರಯೋಗದ ಬೆದರಿಕೆ, ಆಯುಧಗಳ ಅಭ್ಯಾಸ, ಗೂಢಚಾರಿಕೆ, ವಿಮಾನಗಳನ್ನು ಹಾರಿಸುವುದು, ಉದ್ದೇಶಪೂರ್ವಕವಾದ ಗಂಭೀರ ಮಾಲಿನ್ಯ, ಸಮೀಕ್ಷೆ, ಮೀನುಗಾರಿಕೆ ಇವೆಲ್ಲ ಅಲ್ಲಿವೆ. ಸಂಚಾರಕ್ಕೆ ನೇರ ಸಂಬಂಧವಿಲ್ಲದ ಬೇರಾವುದೇ ಕೆಲಸವೂ ಕೂಡದೆಂಬುದು ಕೊನೆಯ ಬಾಬು. ಸಂಚಾರ ಎಡೆಬಿಡದೆ, ಚುರುಕಾಗಿ ಸಾಗಬೇಕು. ಸಾಮಾನ್ಯ ನೌಕಾಯಾನಕ್ಕೆ ಅಗತ್ಯವಾದಾಗ, ಅಪಾಯಕ್ಕೆ ಸಿಕ್ಕಾಗ, ಅಥವಾ ಅಪಾಯದಲ್ಲಿರುವ ಇತರರಿಗೆ ನೆರವಾಗಲು ಮಾತ್ರ ನಿಲ್ಲಬಹುದು. ಗಾಡಿ ಹೊಡೆದುಕೊಂಡು ಹೋಗುವವನು ಬದುವಿನಲ್ಲಿ ಎತ್ತು ಬಿಚ್ಚಿ ಮೇಯಿಸತೊಡಗಿದರೆ ಹೊಲದವನು ಜಗಳಕ್ಕೆ ಬರುವುದು ಇದೇ ತರ್ಕದಿಂದ. ಮುಳುಗುನೌಕೆಗಳು ನೀರಿನ ಮೇಲೆ ಬಂದು, ಧ್ವಜವನ್ನು ತೋರಿಸಿಕೊಂಡು ಸಾಗಬೇಕೆಂಬುದು 20ನೆಯ ವಿಧಿ. ವಿಮಾನಗಳಿಗೆ ಈ ಹಕ್ಕೇ ಇಲ್ಲ. ಇನ್ನು 26ನೆಯ ವಿಧಿಯಂತೆ, ಕೇವಲ ಹಾದುಹೋದುದಕ್ಕಾಗಿ ಯಾವ ಹಡಗಿನಿಂದಲೂ ಸುಂಕ ಎತ್ತುವಂತಿಲ್ಲ. ಹಡಗಿಗೆ ಸಲ್ಲಿಸಿದ ನಿರ್ದಿಷ್ಟ ಸೇವೆಗೆ ಮಾತ್ರ ಶುಲ್ಕ ಪಡೆಯಬಹುದು. ಬಾರಕೂರಿನ ಬಂದರಿನ ಹಕ್ಕಿಗೆ ನೇರವಾಗಿ ಎದುರಾದ ವಾಕ್ಯವಿದು.

ಯುದ್ಧನೌಕೆಗಳ ಪ್ರಶ್ನೆ ಮಾತ್ರ ಒಡಂಬಡಿಕೆಯಿಂದಲೂ ತೀರಲಿಲ್ಲ. ಜಲಸಂಧಿಯಲ್ಲದ ಸಾಮಾನ್ಯ ಪ್ರಾದೇಶಿಕ ಕಡಲಿನಲ್ಲಿ ಅವು ಮುಂಚಿತವಾಗಿ ತಿಳಿಸಬೇಕೇ ಬೇಡವೇ ಎಂಬುದರಲ್ಲಿ ರಾಷ್ಟ್ರಗಳ ನಿಲುವು ಒಂದಾಗಿಲ್ಲ. ಭಾರತವು 1967ರಲ್ಲಿ ತನ್ನ ಪ್ರಾದೇಶಿಕ ಕಡಲನ್ನು 12 ಮೈಲಿಗಳಿಗೆ ವಿಸ್ತರಿಸಿತು. 1976ರ ಸಾಗರ ವಲಯಗಳ ಕಾಯಿದೆಯ 4ನೆಯ ಪ್ರಕರಣದಲ್ಲಿ ಯುದ್ಧನೌಕೆಗಳನ್ನುಳಿದ ಎಲ್ಲ ವಿದೇಶಿ ಹಡಗುಗಳಿಗೆ ನಿರುಪದ್ರವ ಸಂಚಾರದ ಹಕ್ಕನ್ನು ಅಂಗೀಕರಿಸಿತು. ವಿದೇಶಿ ಯುದ್ಧನೌಕೆಗಳು ಕೇಂದ್ರ ಸರ್ಕಾರಕ್ಕೆ ಮುಂಚಿತವಾಗಿ ತಿಳಿಸಿ ಹಾಯಬೇಕು. ಕಾಯಿದೆ ಕೇಳುವುದು ತಿಳುವಳಿಕೆಯನ್ನು, ಅನುಮತಿಯನ್ನಲ್ಲ ಎಂಬುದು ಗಮನಾರ್ಹ. ಮುಖ ತೋರಿಸಿ ಹೋಗು ಎಂಬ ಹಳೆಯ ಕರಾವಳಿಯ ಅಪೇಕ್ಷೆ, ಕಾಣಿಕೆಯ ಭಾಗವನ್ನು ಕಳಚಿಕೊಂಡು, ಇಲ್ಲಿ ಉಳಿದುಕೊಂಡಂತೆ ತೋರುತ್ತದೆ. ಲಕ್ಷದ್ವೀಪದ ಪಶ್ಚಿಮಕ್ಕೆ ಅಮೆರಿಕದ ನೌಕೆಯೊಂದು 2021ರ ಏಪ್ರಿಲ್‌ನಲ್ಲಿ ಸಂಚರಿಸಿ ವಿವಾದವೆದ್ದಾಗ ಈ ಹಕ್ಕಿನ ಹೆಸರು ಕೇಳಿಬಂದುದುಂಟು. ಆದರೆ ಅದು ಪ್ರಾದೇಶಿಕ ಕಡಲಿನ ಹೊರಗೆ, ವಿಶೇಷ ಆರ್ಥಿಕ ವಲಯದಲ್ಲಿ ನಡೆದ ಸಂಗತಿ. ಅಲ್ಲಿಯ ವ್ಯಾಜ್ಯವೇ ಬೇರೆ.

1988ರ ಫೆಬ್ರವರಿ 12ರಂದು ಕಪ್ಪು ಸಮುದ್ರದಲ್ಲಿ, ಕ್ರೈಮಿಯಾದ ಕರಾವಳಿಯ ಸಮೀಪ, ಅಮೆರಿಕದ ‘ಯಾರ್ಕ್‌ಟೌನ್’ ಮತ್ತು ‘ಕಾರನ್’ ನೌಕೆಗಳನ್ನು ಸೋವಿಯತ್ ನೌಕೆಗಳು ಬೇಕೆಂದೇ ಡಿಕ್ಕಿ ಹೊಡೆದು ತಳ್ಳಿದವು. ಗುಂಡು ಹಾರದಿದ್ದುದು ಪುಣ್ಯ. ಮರುವರ್ಷ ಸೆಪ್ಟೆಂಬರ್ 23ರಂದು ಎರಡು ರಾಷ್ಟ್ರಗಳೂ ಜಾಕ್ಸನ್ ಹೋಲ್ ಎಂಬಲ್ಲಿ ಜಂಟಿ ಹೇಳಿಕೆಯೊಂದಕ್ಕೆ ಬಂದವು. ಸರಕು, ಆಯುಧ, ಚಾಲಕಶಕ್ತಿ ಏನೇ ಇರಲಿ, ಎಲ್ಲ ಹಡಗುಗಳಿಗೂ ಈ ಹಕ್ಕಿದೆ. 19ನೆಯ ವಿಧಿಯ ಪಟ್ಟಿ ಪರಿಪೂರ್ಣ, ಅದರಲ್ಲಿಲ್ಲದ್ದನ್ನು ಮಾಡುವ ಹಡಗು ನಿರುಪದ್ರವಿಯೇ. ಸಂಶಯ ಬಂದರೆ ಕರಾವಳಿ ರಾಷ್ಟ್ರವು ಮೊದಲು ಹಡಗಿಗೆ ತನ್ನ ಸಂಶಯವನ್ನು ತಿಳಿಸಿ, ಉದ್ದೇಶವನ್ನು ವಿವರಿಸಲೂ ನಡೆಯನ್ನು ತಿದ್ದಿಕೊಳ್ಳಲೂ ಅವಕಾಶ ಕೊಡಬೇಕು. ಕೋರ್ಫುವಿನಲ್ಲಿ ನಡೆಯದೆ ಹೋದದ್ದು ಈ ಮಾತುಕತೆಯೇ. ಅದೇ ಕ್ರೈಮಿಯಾದ ಬಳಿ 2021ರ ಜೂನ್ 23ರಂದು ಬ್ರಿಟನ್ನಿನ ‘ಡಿಫೆಂಡರ್’ ನೌಕೆ ಹಾಯ್ದಾಗ, ಎಚ್ಚರಿಕೆಯ ಗುಂಡು ಹಾರಿಸಿದೆವೆಂದು ರಷ್ಯಾ ಹೇಳಿತು. ತನ್ನ ನೌಕೆಯತ್ತ ಯಾರೂ ಗುಂಡು ಹಾರಿಸಲಿಲ್ಲ, ಅದು ಉಕ್ರೇನಿನ ನೀರಿನಲ್ಲಿ ನಿರುಪದ್ರವವಾಗಿ ಸಂಚರಿಸಿತು ಎಂದು ಬ್ರಿಟನ್ ಹೇಳಿತು. ಆ ಕಡಲು ಯಾರದೆಂಬುದೇ ಅಲ್ಲಿ ವಿವಾದಗ್ರಸ್ತವಾಗಿತ್ತು.

ಕೋರ್ಫು ಪ್ರಕರಣದ ಪರಿಹಾರವನ್ನು ಅಲ್ಬೇನಿಯಾ ಬಹುಕಾಲ ತೆರಲಿಲ್ಲ. ಯುದ್ಧಕಾಲದಲ್ಲಿ ರೋಮಿನಿಂದ ಸಾಗಿಸಲ್ಪಟ್ಟಿದ್ದ ಅಲ್ಬೇನಿಯಾದ ಚಿನ್ನವನ್ನು ಬ್ರಿಟನ್ ಮತ್ತು ಅದರ ಮಿತ್ರರಾಷ್ಟ್ರಗಳು ಹಿಂದಿರುಗಿಸಲಿಲ್ಲ. ಶೀತಲ ಸಮರ ಮುಗಿದ ಮೇಲೆ, 1992ರ ಮೇ ತಿಂಗಳಲ್ಲಿ, ಸುಮಾರು 1,574 ಕಿಲೋಗ್ರಾಂ ಚಿನ್ನವನ್ನು ಮರಳಿಸಲು ಒಂದು ಕಡೆಯೂ, 20 ಲಕ್ಷ ಡಾಲರ್ ಪರಿಹಾರ ತೆರಲು ಇನ್ನೊಂದು ಕಡೆಯೂ ಒಪ್ಪಿದವು. ಆ ಚಿನ್ನ ಅಲ್ಬೇನಿಯಾದ ಕೈ ಸೇರಿದ್ದು 1996ರಲ್ಲಿ. ‘ಸೊಮಾರೆಜ್’ ಸರಾಂಡ ಕೊಲ್ಲಿಯಲ್ಲಿ ಸಿಡಿಗುಂಡಿಗೆ ಬಡಿದು ಆಗ 50 ವರ್ಷಗಳಾಗಿದ್ದವು.